ಹೂವಿಲ್ಲದ ಗಿಡದ ಗುರುತು

ಗಿಡದ ಗುರುತು ಹಿಡಿಯಲು ಹೂವೇ ಮುಖ್ಯವೆಂದು ನಾವು ವಿಜ್ಞಾನದ ಪಾಠಗಳಲ್ಲಿ ಓದುತ್ತೇವೆ. ಅದು ಸರಿಯಾದ ಮಾತೇ. ಸ್ವೀಡನ್ ದೇಶದ ವಿಜ್ಞಾನಿ ಲಿನೇಯಸನು ೧೭೫೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಸ್ಯಗಳನ್ನು ವಿಂಗಡಿಸಿದುದು ಮುಖ್ಯವಾಗಿ ಹೂವಿನ ಕೇಸರಗಳನ್ನು ಎಣಿಸಿಯೇ. ಆದರೆ ನಮ್ಮ ಮನೆಗಳ ಜಗಲಿಯಲ್ಲಿ, ಕಿಟಿಕಿಯ ಬಳಿಯಲ್ಲಿ, ತುಳಸಿಕಟ್ಟೆಯ ಸುತ್ತಮುತ್ತ ಬೆಳೆಯುವ ಎಷ್ಟೋ ಗಿಡಗಳು ವರ್ಷಗಟ್ಟಲೆ ಹೂ ಬಿಡುವುದಿಲ್ಲ. ನೆಂಟರ ಮನೆಯಿಂದ ಒಂದು ತುಂಡು ತಂದು ನೆಟ್ಟದ್ದು, ನರ್ಸರಿಯಿಂದ ಕೊಂಡು ತಂದದ್ದು, ಹಕ್ಕಿ ಹಾಕಿದ ಬೀಜದಿಂದ ತಾನಾಗಿ ಹುಟ್ಟಿದ್ದು, ಹೀಗೆ ಬಂದು ಸೇರಿದ ಗಿಡಗಳಿಗೆ ಹೆಸರಿನ ಚೀಟಿ ಇರುವುದಿಲ್ಲ. ಆಗ ನಮ್ಮ ಕಣ್ಣೆದುರಿಗೆ ಇರುವುದು ಎಲೆ ಮತ್ತು ಕಾಂಡ ಮಾತ್ರ. ಇವೆರಡನ್ನು ಕ್ರಮವಾಗಿ ನೋಡುತ್ತ ಹೋದರೆ ಗಿಡದ ಗುರುತನ್ನು ಎಷ್ಟರ ಮಟ್ಟಿಗೆ ಹಿಡಿಯಬಹುದು, ಎಲ್ಲಿ ನಾವು ನಿಲ್ಲಬೇಕು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಹೆಸರು ಕೇಳಿದರೆ ಸಾಲದೆ?

"ಗಿಡದ ಹೆಸರು ಹಿರಿಯರನ್ನು ಕೇಳಿದರಾಯಿತು" ಎಂದು ಕೆಲವರಿಗೆ ಅನ್ನಿಸಬಹುದು. ಹಿರಿಯರನ್ನು ಕೇಳಲೇಬೇಕು. ಆದರೆ ನಮ್ಮ ಕಾಸರಗೋಡಿನಂಥ ಊರಿನಲ್ಲಿ ಅದರಿಂದಲೇ ಕೆಲಸ ಮುಗಿಯುವುದಿಲ್ಲ. ಇಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ ಮಾತುಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ನಾವು ಒಳ್ಳೆಮೆಣಸು ಎನ್ನುವುದನ್ನು ತುಳುವಿನವರು ಎಡ್ಡೆಮುಂಚಿ ಎನ್ನುತ್ತಾರೆ, ಮಲಯಾಳದವರು ಕುರುಮುಳಕ್ ಎನ್ನುತ್ತಾರೆ. ಒಂದು ಗಿಡಕ್ಕೆ ಹಲವು ಹೆಸರುಗಳಿದ್ದರೆ ಅಷ್ಟೇನೂ ತೊಂದರೆಯಿಲ್ಲ. ಹಲವು ಗಿಡಗಳಿಗೆ ಒಂದೇ ಹೆಸರಿದ್ದರೆ ಮಾತ್ರ ತೊಂದರೆಯುಂಟು.

ಇದಕ್ಕೆ ತಕ್ಕ ಉದಾಹರಣೆ 'ಅರಳಿ' ಎಂಬ ಮಾತು. ಕನ್ನಡದಲ್ಲಿ ಅರಳಿ ಎಂದರೆ ಕಟ್ಟೆ ಕಟ್ಟಿ ಪ್ರದಕ್ಷಿಣೆ ಬರುವ ಅಶ್ವತ್ಥವೃಕ್ಷ. ಮಲಯಾಳದಲ್ಲಿ ಅಶ್ವತ್ಥಕ್ಕೆ ಅರಯಾಲ್ ಎಂದು ಹೆಸರು. ಅವರು ಅರಳಿ ಎನ್ನುವುದು ನಮ್ಮ ಕಣಗಿಲೆಯನ್ನು. ಕಣಗಿಲೆಯ ಎಲೆ, ಹೂ, ಕಾಂಡ, ಬೇರು ಎಲ್ಲವೂ ವಿಷ. ಅದರಲ್ಲಿರುವ ಒಲಿಯಾಂಡ್ರಿನ್ ಎಂಬ ವಸ್ತುವು ಹೃದಯದ ಬಡಿತವನ್ನು ಕೆಡಿಸುತ್ತದೆ. ಈ ಗಿಡದ ವಿಷದ ವಿಚಾರವಾಗಿ ಜನರಲ್ಲಿ ಆತಂಕ ಎದ್ದಾಗ, ೨೦೨೪ರ ಮೇ ತಿಂಗಳಲ್ಲಿ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ತಮ್ಮ ದೇವಾಲಯಗಳ ನೈವೇದ್ಯ, ಪ್ರಸಾದಗಳಲ್ಲಿ ಅರಳಿ ಹೂವನ್ನು ಬಳಸಬಾರದೆಂದು ತೀರ್ಮಾನಿಸಿದವು. ಆ ಸುದ್ದಿಯನ್ನು ಕನ್ನಡ ಮಾತ್ರ ಬಲ್ಲವರು ಕೇಳಿದರೆ ಅಶ್ವತ್ಥಕ್ಕೆ ಏನಾಯಿತೆಂದು ಬೆರಗಾಗಬಹುದು! ಎಲೆಯನ್ನು ನೋಡಬಲ್ಲವರಿಗೆ ಈ ಗೊಂದಲವಿಲ್ಲ. ಅಶ್ವತ್ಥದ ಎಲೆ ಹೃದಯದ ಆಕಾರದ್ದು, ತುದಿ ಬಾಲದಂತೆ ನೀಳವಾದುದು. ಕಣಗಿಲೆಯದು ಕಿರಿದಾದ, ಉದ್ದವಾದ, ದಪ್ಪ ಎಲೆ. ಕಾಂಡದ ಒಂದೊಂದು ಗಿಣ್ಣಿನಲ್ಲಿ ಸಾಮಾನ್ಯವಾಗಿ ಮೂರು ಮೂರು ಎಲೆಗಳು ಸುತ್ತಲೂ ಕುಳಿತಿರುತ್ತವೆ.

ಈ ಸತ್ಯವನ್ನು ನಮ್ಮ ಮಲಬಾರಿನಲ್ಲಿ ಮುನ್ನೂರು ವರ್ಷಗಳಿಗೂ ಹಿಂದೆಯೇ ಕಂಡುಕೊಂಡಿದ್ದರು. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಎಂಬವನು 'ಹೊರ್ತೂಸ್ ಮಲಬಾರಿಕೂಸ್' ಎಂಬ ಸಸ್ಯಗ್ರಂಥವನ್ನು ಸಿದ್ಧಪಡಿಸಿದನು. ಅದು ೧೬೭೮ರಿಂದ ೧೬೯೩ರ ವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ೧೨ ಸಂಪುಟಗಳಾಗಿ ಅಚ್ಚಾಯಿತು. ಅದಕ್ಕೆ ಗಿಡಗಳ ವಿವರ ಕೊಟ್ಟವರಲ್ಲಿ ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್ ಹಾಗೂ ಕೊಂಕಣಿ ಮಾತಿನ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬವರು ಪ್ರಮುಖರು. ಆ ಗ್ರಂಥದ ಚಿತ್ರಗಳಲ್ಲಿ ಗಿಡದ ಹೆಸರನ್ನು ಹಲವು ಲಿಪಿಗಳಲ್ಲಿ ಬರೆದಿದೆ. ಹೆಸರು ಜನರಿಂದ ಜನರಿಗೆ ಬದಲಾಗುತ್ತದೆ. ಆದರೆ ಎಲೆ, ಕಾಂಡಗಳ ಚಿತ್ರ ಎಲ್ಲರಿಗೂ ಒಂದೇ.

ಮೊದಲ ಪ್ರಶ್ನೆ: ಇದು ಎಲೆಯೋ, ಎಲೆಯ ಭಾಗವೋ?

ಗುರುತು ಹಿಡಿಯುವ ಕೆಲಸದಲ್ಲಿ ಮೊದಲು ತಿಳಿಯಬೇಕಾದುದು ಒಂದು ಎಲೆ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದು. ದಾಸವಾಳದ ಎಲೆಯಲ್ಲಿ ಒಂದು ತೊಟ್ಟು, ಒಂದು ಅಲಗು. ಇದು ಸರಳ ಪರ್ಣ. ಕರಿಬೇವಿನಲ್ಲಿ ಒಂದು ಕಡ್ಡಿಯ ಎರಡು ಬದಿಗಳಲ್ಲಿ ಅನೇಕ ಕಿರುಎಲೆಗಳಿವೆ. ಆ ಇಡೀ ಕಡ್ಡಿ ಸೇರಿ ಒಂದೇ ಎಲೆ. ಇದು ಸಂಯುಕ್ತ ಪರ್ಣ.

ಇವೆರಡನ್ನು ಬೇರ್ಪಡಿಸಲು ಒಂದು ಸುಲಭ ಪರೀಕ್ಷೆಯಿದೆ. ಎಲೆಯ ತೊಟ್ಟು ಕಾಂಡವನ್ನು ಸೇರುವ ಮೂಲೆಗೆ ಎಲೆಯ ಕಂಕುಳು ಎನ್ನುತ್ತೇವೆ. ನಿಜವಾದ ಎಲೆಯ ಕಂಕುಳಲ್ಲಿ ಒಂದು ಮೊಗ್ಗು ಇರುತ್ತದೆ. ಕಿರುಎಲೆಯ ಬುಡದಲ್ಲಿ ಇರುವುದಿಲ್ಲ. ಮಳೆಗಾಲದಲ್ಲಿ ಅಂಗಳದಲ್ಲಿ ಹುಟ್ಟುವ ನೆಲನೆಲ್ಲಿಯನ್ನು ತೆಗೆದು ನೋಡಿರಿ. ಅದರ ಕಡ್ಡಿ ಸಂಯುಕ್ತ ಪರ್ಣದಂತೆಯೇ ಕಾಣುತ್ತದೆ. ಆದರೆ ಕಡ್ಡಿಯನ್ನು ಮಗುಚಿದರೆ ಪ್ರತಿಯೊಂದು ಪುಟ್ಟ ಎಲೆಯ ಬುಡದಲ್ಲೂ ಹೂ ಕಾಯಿಗಳು ಸಾಲಾಗಿ ಕಾಣುತ್ತವೆ. ಆದುದರಿಂದ ಅದು ಎಲೆಯಲ್ಲ, ಸರಳ ಪರ್ಣಗಳನ್ನು ಹೊತ್ತ ರೆಂಬೆ. ಇದಕ್ಕೆ ಪೂರ್ಣ ವಿರುದ್ಧವಾದುದು ಈಗ ಮನೆಯೊಳಗೆ ಕುಂಡಗಳಲ್ಲಿ ಬೆಳೆಸುವ ಝೆಡ್‌ಝೆಡ್ ಗಿಡ. ಹೊಳೆಯುವ ಹಸಿರು ಎಲೆಗಳ ದಪ್ಪ ಕಾಂಡಗಳು ಮಣ್ಣಿನಿಂದ ಮೇಲೆದ್ದು ನಿಂತಂತೆ ತೋರುತ್ತವೆ. ಕಂಕುಳನ್ನು ಪರೀಕ್ಷಿಸಿದರೆ ಅಲ್ಲಿ ಮೊಗ್ಗಿಲ್ಲ. ನಾವು ಕಾಂಡವೆಂದು ತಿಳಿದದ್ದು ಒಂದು ಸಂಯುಕ್ತ ಪರ್ಣ. ನಿಜವಾದ ಕಾಂಡವು ಗಡ್ಡೆಯಾಗಿ ಮಣ್ಣಿನೊಳಗಿದೆ.

ಎಲೆಗಳು ಕುಳಿತ ಕ್ರಮ

ಎರಡನೆಯದಾಗಿ ಒಂದು ಗಿಣ್ಣಿನಲ್ಲಿ ಎಷ್ಟು ಎಲೆಗಳಿವೆ ಎಂದು ಎಣಿಸಬೇಕು. ಒಂದೇ ಇದ್ದರೆ ಪರ್ಯಾಯ ಜೋಡಣೆ: ದಾಸವಾಳ, ಹಲಸು, ಒಳ್ಳೆಮೆಣಸು. ಎರಡು ಎದುರುಬದುರಾಗಿ ಇದ್ದರೆ ಅಭಿಮುಖ ಜೋಡಣೆ: ತುಳಸಿ, ಕೇಪಳ, ನಂದಿಬಟ್ಟಲು. ಮೂರು ಅಥವಾ ಹೆಚ್ಚು ಇದ್ದರೆ ಸುತ್ತು ಜೋಡಣೆ: ಕಣಗಿಲೆ.

ಎಲೆಗಳು ಎದುರುಬದುರಾಗಿದ್ದರೆ ಎರಡು ತೊಟ್ಟುಗಳ ನಡುವಣ ಜಾಗವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಕೇಪಳದ ಗಿಣ್ಣಿನಲ್ಲಿ ಎರಡು ತೊಟ್ಟುಗಳ ನಡುವೆ ಚೂಪಾದ ಒಂದು ಪುಟ್ಟ ಹುರುಪೆಯಿರುತ್ತದೆ. ಕಾಫಿ ಗಿಡದಲ್ಲೂ ಹಾಗೆಯೇ ಇದೆ. ನೋಟಕ್ಕೆ ಬೇರೆ ಬೇರೆಯಾದ ಈ ಎರಡು ಗಿಡಗಳು ಒಂದೇ ಕುಟುಂಬಕ್ಕೆ ಸೇರಿದವೆಂದು ಆ ಹುರುಪೆಯೇ ಸಾರುತ್ತದೆ.

ನರಗಳು, ತೊಟ್ಟು, ಅಲಗು

ಮೂರನೆಯದು ಎಲೆಯ ನರಗಳು. ಹುಲ್ಲು, ತೆಂಗುಗಳಲ್ಲಿ ನರಗಳು ಒಂದಕ್ಕೊಂದು ಸಮಾಂತರವಾಗಿ ಓಡುತ್ತವೆ. ಮಾವು, ಹಲಸುಗಳಲ್ಲಿ ಬಲೆಯಂತೆ ಹೆಣೆದುಕೊಳ್ಳುತ್ತವೆ. ಮೊದಲನೆಯವು ಏಕದಳ ಸಸ್ಯಗಳು, ಎರಡನೆಯವು ದ್ವಿದಳ ಸಸ್ಯಗಳು ಎಂದು ಪಾಠದಲ್ಲಿ ಕಲಿತಿದ್ದೇವೆ. ಆದರೆ ಕೆಸುವಿನ ಅಗಲವಾದ ಎಲೆಯನ್ನು ನೋಡಿದರೆ ದ್ವಿದಳವೆಂದು ತೋರುತ್ತದೆ, ಅದು ಏಕದಳ. ಆದಕಾರಣ ನರಗಳೊಂದನ್ನೇ ನಂಬಬಾರದು.

ತೊಟ್ಟು ಅಲಗನ್ನು ಎಲ್ಲಿ ಸೇರುತ್ತದೆ ಎಂಬುದೂ ಗಮನಿಸತಕ್ಕ ವಿಷಯ. ಪತ್ರೊಡೆಗೆ ಉಪಯೋಗಿಸುವ ಕೆಸುವಿನ ಎಲೆಯಲ್ಲಿ ತೊಟ್ಟು ಅಂಚನ್ನು ಸೇರದೆ, ಅಲಗಿನ ಹಿಂಬದಿಯಲ್ಲಿ ಸ್ವಲ್ಪ ಒಳಗೆ ಕೊಡೆಯ ಹಿಡಿಯಂತೆ ಕೂಡಿಕೊಂಡಿರುತ್ತದೆ. ಇನ್ನು ಲಿಂಬೆಯ ಎಲೆಯನ್ನು ಬೆಳಕಿಗೆ ಹಿಡಿದರೆ ಸೂಜಿಯಿಂದ ಚುಚ್ಚಿದಂತೆ ನೂರಾರು ಚುಕ್ಕಿಗಳು ಹೊಳೆಯುತ್ತವೆ. ಅವು ಎಣ್ಣೆಯ ಗ್ರಂಥಿಗಳು; ಎಲೆಯ ಪರಿಮಳ ಅವುಗಳಿಂದಲೇ. ಕರಿಬೇವಿನ ಕಿರುಎಲೆಯಲ್ಲೂ ಅವನ್ನು ಕಾಣಬಹುದು. ಲಿಂಬೆ, ಕರಿಬೇವುಗಳು ಒಂದೇ ಕುಟುಂಬದವು.

ಕಾಂಡವನ್ನು ಮುಟ್ಟಿ ನೋಡುವುದು

ಕಾಂಡವನ್ನು ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಉರುಳಿಸಿದರೆ ಬಹಳ ಸಂಗತಿಗಳು ತಿಳಿಯುತ್ತವೆ. ತುಳಸಿಯ ಎಳೆಯ ಕಾಂಡ ಗುಂಡಗಿಲ್ಲ, ನಾಲ್ಕು ಮೂಲೆಗಳಿವೆ. ತುಂಬೆ, ಪುದೀನಗಳಲ್ಲೂ ಹಾಗೆಯೇ. ತೋಟದ ಹುಲ್ಲಿನ ನಡುವೆ ಬೆಳೆಯುವ ತುಂಗೆಯ ದಂಟಿಗೆ ಮೂರು ಮೂಲೆಗಳು. ಆ ಕಾರಣದಿಂದಲೇ ಅದು ಹುಲ್ಲಿನಂತೆ ಕಂಡರೂ ಹುಲ್ಲಲ್ಲ.

ಆದರೆ ನಾಲ್ಕು ಮೂಲೆಯ ಕಾಂಡ, ಎದುರುಬದುರಾದ ಎಲೆ, ಹಿಸುಕಿದರೆ ವಾಸನೆ – ಈ ಮೂರೂ ಲಂಟಾನ ಪೊದೆಯಲ್ಲೂ ಇವೆ. ಅದು ತುಳಸಿಯ ಕುಟುಂಬದ್ದಲ್ಲ. ಅದರ ಎಲೆ ದನಕರುಗಳಿಗೆ ವಿಷ. ಲಂಟಾನದ ಎಲೆಯನ್ನು ಸವರಿದರೆ ಒರಟಾದ ಕಾಗದದಂತೆ ತರಕು ತರಕಾಗಿರುತ್ತದೆ. ಕಾಂಡದಲ್ಲಿ ಹೆಚ್ಚಾಗಿ ಸಣ್ಣ ಮುಳ್ಳುಗಳಿರುತ್ತವೆ. ಮೂರು ಗುರುತು ಸೇರಿದರೂ ನಾಲ್ಕನೆಯದನ್ನು ನೋಡಬೇಕೆಂಬುದಕ್ಕೆ ಇದು ಸಾಕ್ಷಿ.

ಎಲೆ ಕಿತ್ತಾಗ ಬಿಳಿಯ ಹಾಲು ಒಸರುತ್ತದೆಯೇ ಎಂಬುದು ಇನ್ನೊಂದು ಗುರುತು. ಹಲಸು, ಅಶ್ವತ್ಥ, ನಂದಿಬಟ್ಟಲು, ಎಕ್ಕ, ಕಳ್ಳಿಗಳಲ್ಲಿ ಹಾಲಿದೆ. ಹಾಲಿರುವುದೆಲ್ಲ ವಿಷವೆಂದು ಹೇಳುವಂತಿಲ್ಲ; ಹಲಸನ್ನು ನಾವು ಸಂತೋಷದಿಂದ ತಿನ್ನುತ್ತೇವೆ. ಆದರೆ ಎಕ್ಕ, ಕಳ್ಳಿಗಳ ಹಾಲು ಕಣ್ಣಿಗೆ ಬಿದ್ದರೆ ದೊಡ್ಡ ಅಪಾಯವಿದೆ. ಗೊತ್ತಿಲ್ಲದ ಗಿಡದ ಹಾಲನ್ನು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಕಣ್ಣುಜ್ಜಬಾರದು.

ಒಂದು ಉದಾಹರಣೆ: ಹೃದಯದಾಕಾರದ ನಾಲ್ಕು ಬಳ್ಳಿಗಳು

ಇಷ್ಟನ್ನು ತಿಳಿದುಕೊಂಡು ಈಗ ಒಂದು ಸಮಸ್ಯೆಯನ್ನು ಬಿಡಿಸೋಣ. ಹೃದಯದಾಕಾರದ ಹಸಿರು ಎಲೆಗಳ ಬಳ್ಳಿಯೊಂದು ಕುಂಡದಲ್ಲಿದೆ. ಹೂವಿಲ್ಲ. ನಮ್ಮ ಕಡೆಯಲ್ಲಿ ಅದು ಒಳ್ಳೆಮೆಣಸಾಗಿರಬಹುದು, ವೀಳ್ಯದೆಲೆಯಾಗಿರಬಹುದು, ಅಮೃತಬಳ್ಳಿಯಾಗಿರಬಹುದು ಅಥವಾ ಮನಿಪ್ಲಾಂಟ್ ಆಗಿರಬಹುದು. ನಾಲ್ಕರಲ್ಲೂ ಎಲೆಗಳು ಸರಳ, ಜೋಡಣೆ ಪರ್ಯಾಯ. ಮುಂದೇನು?

ಎಲೆಯ ನರಗಳನ್ನು ನೋಡೋಣ. ಒಳ್ಳೆಮೆಣಸು, ವೀಳ್ಯದೆಲೆ, ಅಮೃತಬಳ್ಳಿಗಳಲ್ಲಿ ಎಲೆಯ ಬುಡದಿಂದ ಅಥವಾ ಬುಡದ ಸಮೀಪದಿಂದ ಐದು ಏಳು ದಪ್ಪ ನರಗಳು ಅಂಗೈಯಿಂದ ಬೆರಳುಗಳು ಹೊರಟಂತೆ ಹೊರಡುತ್ತವೆ. ಮನಿಪ್ಲಾಂಟಿನಲ್ಲಿ ಹಾಗಿಲ್ಲ, ನಡುನರ ಒಂದೇ ದಪ್ಪ, ಅದರ ಎರಡು ಬದಿಗಳಿಂದ ಅನೇಕ ಸಣ್ಣ ನರಗಳು ಅಂಚಿನ ಕಡೆಗೆ ಬಾಗುತ್ತವೆ. ಅದರ ತೊಟ್ಟಿನಲ್ಲಿ ಉದ್ದಕ್ಕೂ ಒಂದು ಕಾಲುವೆಯಿದೆ. ಹೊಸ ಎಲೆ ಕಾಗದದ ಸುರುಳಿಯಂತೆ ಸುತ್ತಿಕೊಂಡು ಹೊರಬರುತ್ತದೆ. ಸುರುಳಿಯಾಗಿ ಬರುವ ಹೊಸ ಎಲೆಯನ್ನು ಕೆಸುವಿನಲ್ಲೂ ಕಂಡಿದ್ದೇವೆ. ಮನಿಪ್ಲಾಂಟ್ ಕೆಸುವಿನ ಕುಟುಂಬದ್ದೇ.

ಉಳಿದ ಮೂರರಲ್ಲಿ ಕಾಂಡವನ್ನು ನೋಡಬೇಕು. ಒಳ್ಳೆಮೆಣಸು, ವೀಳ್ಯದೆಲೆಗಳ ಗಿಣ್ಣುಗಳು ಉಬ್ಬಿಕೊಂಡಿವೆ. ಅಲ್ಲಿಂದ ಹೊರಟ ಗಿಡ್ಡ ಬೇರುಗಳು ಮರವನ್ನು ಅಪ್ಪಿ ಹಿಡಿಯುತ್ತವೆ. ಅಮೃತಬಳ್ಳಿ ಮರವನ್ನು ಅಪ್ಪುವುದಿಲ್ಲ, ಸುತ್ತಿಕೊಂಡು ಏರುತ್ತದೆ. ಅದರಿಂದ ದಾರದಂಥ ಬಿಳಲುಗಳು ಕೆಳಗೆ ಜೋಲುತ್ತವೆ. ಬಲಿತ ಕಾಂಡದ ಮೇಲೆ ಕಾಗದದಂಥ ತೆಳ್ಳನೆಯ ಸಿಪ್ಪೆಯಿದ್ದು, ಅದನ್ನು ಉಜ್ಜಿದರೆ ಒಳಗೆ ಹಸಿರು ಕಾಣುತ್ತದೆ. ಅಡ್ಡಕ್ಕೆ ಕೊಯ್ದರೆ ಗಾಡಿಯ ಚಕ್ರದ ಅರಗಳಂತೆ ಗೆರೆಗಳು ಕಾಣುತ್ತವೆ. ಇನ್ನು ಒಳ್ಳೆಮೆಣಸನ್ನೂ ವೀಳ್ಯದೆಲೆಯನ್ನೂ ಬೇರ್ಪಡಿಸಲು ಒಂದು ಚೂರು ಎಲೆಯನ್ನು ಹಿಸುಕಿ ಮೂಸಿದರೆ ಸಾಕು. ವೀಳ್ಯದ ಪರಿಮಳ ನಮ್ಮಲ್ಲಿ ಯಾರಿಗೂ ಹೊಸದಲ್ಲ.

ಕಾಂಡವನ್ನು ನೋಡುವ ಈ ಅಭ್ಯಾಸ ಬರಿಯ ಕುತೂಹಲಕ್ಕಲ್ಲ. ಕೋವಿಡ್ ರೋಗದ ಕಾಲದಲ್ಲಿ ಅಮೃತಬಳ್ಳಿಯ ಕಷಾಯವನ್ನು ಅನೇಕರು ಕುಡಿದರು. ಅದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ತೊಂದರೆ ಕಂಡುಬಂದುದನ್ನು ಮುಂಬಯಿಯ ವೈದ್ಯರು ೨೦೨೧ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯವು ೨೦೨೨ರ ಫೆಬ್ರವರಿಯಲ್ಲಿ ಅಮೃತಬಳ್ಳಿ ಸುರಕ್ಷಿತವೆಂದೂ, ಅದನ್ನೇ ಹೋಲುವ ಅದೇ ಜಾತಿಯ ಇನ್ನೊಂದು ಬಳ್ಳಿ ಹಾನಿಕಾರಕವಾಗಬಹುದೆಂದೂ ತಿಳಿಸಿತು. ಎರಡರ ಎಲೆಗಳೂ ಹೃದಯದಾಕಾರದವೇ. ವ್ಯತ್ಯಾಸವಿರುವುದು ಕಾಂಡದಲ್ಲಿ: ಆ ಇನ್ನೊಂದರ ಕಾಂಡದ ತುಂಬ ಗುಳ್ಳೆ ಗುಳ್ಳೆಯಾದ ಗಂಟುಗಳಿರುತ್ತವೆ. ಎಲೆಯ ಆಕಾರ ಒಂದನ್ನೇ ನೋಡಿ ಬಳ್ಳಿಯನ್ನು ಒಲೆಯ ಮೇಲೇರಿಸುವುದು ಎಷ್ಟು ಅವಿವೇಕವೆಂಬುದು ಇದರಿಂದ ತಿಳಿಯುತ್ತದೆ. ಗುರುತು ಸರಿಯಾಗಿ ಸಿಕ್ಕಿದ ಮೇಲೂ ಔಷಧದ ಮಾತನ್ನು ವೈದ್ಯರಿಗೇ ಬಿಡಬೇಕು.

ನಮ್ಮನ್ನು ಮೋಸಗೊಳಿಸುವ ಗುರುತುಗಳು

ಎಲೆಯ ಗಾತ್ರವನ್ನು ನೆಚ್ಚಬಾರದು. ಕುಂಡದಲ್ಲಿ ಅಂಗೈಯಷ್ಟೇ ಇರುವ ಮನಿಪ್ಲಾಂಟ್ ಎಲೆ, ಬಳ್ಳಿಯು ತೆಂಗಿನ ಮರವನ್ನೇರಿದಾಗ ಮೊರಕ್ಕಿಂತಲೂ ದೊಡ್ಡದಾಗಿ ಅಂಚಿನಲ್ಲಿ ಸೀಳಿಕೊಳ್ಳುತ್ತದೆ. ನೋಡಿದವರು ಬೇರೆ ಗಿಡವೆಂದೇ ಹೇಳುವರು. ಹಲಸಿನ ಎಳೆಯ ಸಸಿಯಲ್ಲಿ ಸೀಳಾದ ಎಲೆಗಳಿರುವುದುಂಟು, ಬೆಳೆದ ಮರದಲ್ಲಿ ಅಂಥವು ಇರುವುದಿಲ್ಲ. ಬಣ್ಣವನ್ನೂ ನೆಚ್ಚಬಾರದು, ನೆರಳಿನಲ್ಲಿಟ್ಟರೆ ಹಳದಿ ಪಟ್ಟೆಗಳು ಮಾಸಿ ಹಸಿರಾಗುತ್ತವೆ. ಎಲೆಗಳ ಜೋಡಣೆ, ನರಗಳ ಕ್ರಮ, ತೊಟ್ಟಿನ ರಚನೆ, ಗಿಣ್ಣಿನ ರೂಪ – ಇವು ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ಇಷ್ಟಾದರೂ ಎಲೆ ಕಾಂಡಗಳ ಸಾಕ್ಷ್ಯಕ್ಕೆ ಒಂದು ಮಿತಿಯಿದೆ. ಮನಿಪ್ಲಾಂಟಿನ ಚರಿತ್ರೆಯೇ ಇದಕ್ಕೆ ನಿದರ್ಶನ. ಪೆಸಿಫಿಕ್ ಸಾಗರದ ಮೊರೆಯಾ ದ್ವೀಪ ಅದರ ತವರು. ವಿಜ್ಞಾನಿಗಳು ೧೮೮೦ರಲ್ಲಿ ಅದಕ್ಕೆ ಒಂದು ಹೆಸರಿಟ್ಟರು. ಅದು ಹೂ ಬಿಡುವುದೇ ಅಪರೂಪವಾದುದರಿಂದ ಅದನ್ನು ಒಂದು ಜಾತಿಯಿಂದ ಇನ್ನೊಂದಕ್ಕೆ ವರ್ಗಾಯಿಸುತ್ತಲೇ ಹೋದರು. ಕೊನೆಗೆ ಹೂವಿನ ಪರೀಕ್ಷೆಗೆ ಅವಕಾಶ ಸಿಕ್ಕಿದ ಮೇಲೆ, ೧೯೬೪ರಲ್ಲಿ, ಎಪಿಪ್ರೆಮ್ನಮ್ ಆರಿಯಮ್ ಎಂಬ ಈಗಿನ ಹೆಸರು ಬಂತು. ಹೂ ಬಿಡಲು ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನು ಆ ಬಳ್ಳಿಯಲ್ಲಿ ಸರಿಯಾಗಿ ಉತ್ಪತ್ತಿಯಾಗುವುದಿಲ್ಲವೆಂದು ೨೦೧೬ರಲ್ಲಿ ಗೊತ್ತಾಯಿತು. ಅದು ಕೆಸುವಿನ ಕುಟುಂಬದ್ದೆಂಬುದರಲ್ಲಿ ಮಾತ್ರ ಮೊದಲಿನಿಂದಲೂ ಸಂಶಯವಿರಲಿಲ್ಲ. ಎಲೆ ಕಾಂಡಗಳು ಬಹುಮಟ್ಟಿಗೆ ಕುಟುಂಬವನ್ನು ತಿಳಿಸುತ್ತವೆ. ಕಡೆಯ ತೀರ್ಪನ್ನು ಹಲವು ವೇಳೆ ಹೂವೇ ಕೊಡಬೇಕು.

ಹಾಗಾದರೆ ಕುಟುಂಬ ತಿಳಿದು ಪ್ರಯೋಜನವೇನು? ಬಹಳ ಪ್ರಯೋಜನವಿದೆ. ಕೆಸುವಿನ ಕುಟುಂಬದ ಗಿಡಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ವಸ್ತುವಿನ ಸೂಜಿಯಂಥ ಹರಳುಗಳು ಸಾಮಾನ್ಯ. ಹಸಿಯ ಕೆಸು ಗಂಟಲು ತುರಿಸುವುದು ಅವುಗಳಿಂದಲೇ. ನಮ್ಮ ತಾಯಂದಿರು ಪತ್ರೊಡೆಗೆ ಹುಳಿ ಸೇರಿಸಿ ಚೆನ್ನಾಗಿ ಬೇಯಿಸುವುದು ಈ ತುರಿಕೆ ಹೋಗಲೆಂದು. ಮನಿಪ್ಲಾಂಟ್, ಝೆಡ್‌ಝೆಡ್ ಗಿಡ, ದಪ್ಪ ದಂಟಿನ ಮೇಲೆ ಬಿಳಿ ಮಚ್ಚೆಯ ದೊಡ್ಡ ಎಲೆಗಳಿರುವ ಡೀಫೆನ್‌ಬಾಕಿಯ – ಇವೆಲ್ಲ ಆ ಕುಟುಂಬದವೇ. ಡೀಫೆನ್‌ಬಾಕಿಯದ ದಂಟನ್ನು ಕಚ್ಚಿದರೆ ಬಾಯಿ ನಾಲಗೆಗಳು ಊದಿಕೊಂಡು ಮಾತೇ ಹೊರಡದಂತಾಗುವುದುಂಟು. ಗಿಡದ ಪೂರ್ತಿ ಹೆಸರು ತಿಳಿಯದಿದ್ದರೂ ಅದು ಕೆಸುವಿನ ಕುಟುಂಬದ್ದೆಂದು ತಿಳಿದೊಡನೆ ಅಂಬೆಗಾಲಿಡುವ ಮಗುವಿನ ಕೈಗೆ ಸಿಗದ ಎತ್ತರದಲ್ಲಿ ಇಡಬಹುದಲ್ಲವೇ?

ಮಾಡಿ ನೋಡಿರಿ

ವಿದ್ಯಾರ್ಥಿಗಳು ಮನೆಯಲ್ಲಿ ಹೆಸರು ತಿಳಿಯದ ಒಂದು ಗಿಡವನ್ನು ಆರಿಸಿಕೊಂಡು ಈ ಆರು ಪ್ರಶ್ನೆಗಳಿಗೆ ಉತ್ತರ ಬರೆಯಲಿ.

೧. ಎಲೆ ಸರಳವೋ, ಸಂಯುಕ್ತವೋ? ಕಂಕುಳಲ್ಲಿ ಮೊಗ್ಗು ಎಲ್ಲಿದೆ?
೨. ಒಂದು ಗಿಣ್ಣಿನಲ್ಲಿ ಎಷ್ಟು ಎಲೆಗಳು?
೩. ನರಗಳು ಬುಡದಿಂದ ಹೊರಡುತ್ತವೆಯೋ, ನಡುನರದಿಂದಲೋ?
೪. ತೊಟ್ಟು ಗುಂಡಗಿದೆಯೋ, ಕಾಲುವೆಯಿದೆಯೋ? ಅಲಗನ್ನು ಎಲ್ಲಿ ಸೇರುತ್ತದೆ?
೫. ಕಾಂಡಕ್ಕೆ ಮೂಲೆಗಳೆಷ್ಟು? ಗಂಟು, ಮುಳ್ಳು, ಬಿಳಲುಗಳಿವೆಯೇ?
೬. ಎಲೆ ಕಿತ್ತರೆ ಹಾಲು ಬರುತ್ತದೆಯೇ? ಚೂರು ಹಿಸುಕಿದರೆ ವಾಸನೆ ಹೇಗಿದೆ?

ಏಳನೆಯ ಪ್ರಶ್ನೆ ಇಲ್ಲ. ಅಂದರೆ ರುಚಿ ನೋಡಕೂಡದು. ಕೊನೆಯ ಪ್ರಶ್ನೆಗೆ ಉತ್ತರ ಬರೆಯುವಾಗ ಹಿರಿಯರೊಬ್ಬರು ಜೊತೆಯಲ್ಲಿರಲಿ. ಕೆಲಸ ಮುಗಿದೊಡನೆ ಕೈ ತೊಳೆಯಿರಿ. ಒಂದು ಎಲೆಯನ್ನಷ್ಟೇ ಕೀಳದೆ, ಕನಿಷ್ಠ ಎರಡು ಗಿಣ್ಣುಗಳಿರುವ ರೆಂಬೆಯೊಂದನ್ನು ತಂದರೆ ವಿಜ್ಞಾನದ ಅಧ್ಯಾಪಕರಿಗೆ ತೋರಿಸಲು ಅನುಕೂಲ. ಬಿಡಿ ಎಲೆಯನ್ನು ನೋಡಿ ಜೋಡಣೆಯನ್ನಾಗಲಿ ಕಾಂಡವನ್ನಾಗಲಿ ಯಾರೂ ತಿಳಿಯಲಾರರು. ಆ ರೆಂಬೆಯನ್ನು ಹಳೆಯ ವಾರ್ತಾಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಒಣಗಿಸಿ, ಊರಿನಲ್ಲಿ ಕೇಳಿದ ಕನ್ನಡ, ತುಳು, ಮಲಯಾಳ ಹೆಸರುಗಳನ್ನೆಲ್ಲ ಪಕ್ಕದಲ್ಲಿ ಬರೆದಿಟ್ಟರೆ ಅದೇ ನಿಮ್ಮ ಸಸ್ಯಸಂಗ್ರಹದ ಮೊದಲ ಪುಟವಾಗುತ್ತದೆ.

ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆದೊಡನೆ ಗಿಡದ ಹೆಸರು ಹೇಳುವ ಆ್ಯಪ್‌ಗಳು ಈಗ ಬಂದಿವೆ. ಅವುಗಳ ಸಹಾಯ ಪಡೆಯಬಾರದೆಂದು ನಾವು ಹೇಳುವುದಿಲ್ಲ. ಆದರೆ ಫೋನು ಕಾಂಡವನ್ನು ಉರುಳಿಸಿ ನೋಡಲಾರದು, ಎಲೆಯನ್ನು ಮೂಸಲಾರದು. ಅದು ಕೊಟ್ಟ ಹೆಸರನ್ನು ಮೇಲಿನ ಆರು ಉತ್ತರಗಳೊಂದಿಗೆ ಹೋಲಿಸಿದ ಮೇಲೆಯೇ ಒಪ್ಪಿಕೊಳ್ಳುವುದು ಲೇಸು. ಸಸ್ಯಗಳ ಬೆನ್ನು ಹತ್ತಿ ಹೋಗುವುದರಲ್ಲಿರುವ ಆನಂದವನ್ನು ತಿಳಿಯಬಯಸುವವರು ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ಪುಸ್ತಕವನ್ನು ಓದಬೇಕು. ಅದಕ್ಕೆ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿದೆ.

ಹೆತ್ತವರಲ್ಲಿಯೂ ನಮ್ಮದೊಂದು ವಿನಂತಿಯಿದೆ. ಮಕ್ಕಳು ಗಿಡದ ಬಳಿ ಕುಳಿತು ಎಲೆ ಎಣಿಸುತ್ತಿದ್ದರೆ ಅದನ್ನು ಆಟವೆಂದು ತಿಳಿದು ಎಬ್ಬಿಸದಿರಿ. ನಿಮಗೆ ತಿಳಿದ ಹೆಸರುಗಳನ್ನು, ಉಪಯೋಗಗಳನ್ನು, ದನ ಮುಟ್ಟದ ಸೊಪ್ಪು ಯಾವುದೆಂಬುದನ್ನು ಅವರಿಗೆ ಹೇಳಿರಿ. ನೀವು ಹೇಳಿದ ಹೆಸರಿನ ಮುಂದೆ ಅವರು ಕಣ್ಣಾರೆ ಕಂಡ ಗುರುತುಗಳನ್ನು ಬರೆದುಕೊಂಡರೆ, ಆ ಹೆಸರು ಯಾವ ಗಿಡದ್ದೆಂಬ ಸಂಶಯ ಮುಂದಿನವರಿಗೆ ಉಳಿಯಲಾರದು.